ಸಿಬಿಲ್ ನೋಡಿ ಕೆಲಸ ಇಲ್ಲ ಅಂದರು, ನಿಮಗೂ ಹೀಗಾಗಿದೆಯಾ?

ನಾನು ಕುಂಬಳೆಯವನು, ಕೇರಳದ ಕಾಸರಗೋಡು ಜಿಲ್ಲೆ. ಬಿಕಾಂ ಆಗಿದೆ, ವಯಸ್ಸು 29. ಮಂಗಳೂರಿನ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಆ ಬ್ರಾಂಚ್ ಮುಚ್ಚಿ ಹನ್ನೊಂದು ತಿಂಗಳಾಯಿತು. ಅಷ್ಟರಲ್ಲಿ ಬೈಕ್ ಲೋನಿನ ನಾಲ್ಕು ಕಂತು ತಪ್ಪಿತು. ಹೋದ ವಾರ ಒಂದು ಫೈನಾನ್ಸ್‌ನಲ್ಲಿ ಎರಡು ಇಂಟರ್‌ವ್ಯೂ ಮುಗಿದು ಸಂಬಳದ ಮಾತೂ ಆಗಿತ್ತು. ಆಮೇಲೆ ಫೋನ್ ಮಾಡಿ ವೆರಿಫಿಕೇಶನ್ ಪಾಸಾಗಲಿಲ್ಲ ಎಂದರು. ಬಿಡದೆ ಕೇಳಿದ್ದಕ್ಕೆ ಸಿಬಿಲ್ ಅಂತೆ, ಅಂದರೆ ಸಾಲ ಸರಿಯಾಗಿ ಕಟ್ಟಿದ್ದೇವಾ ಎಂದು ತೋರಿಸುವ ರಿಪೋರ್ಟು, ಸ್ಕೋರು. ಕೆಲಸ ಇಲ್ಲದ್ದಕ್ಕೆ ಕಂತು ತಪ್ಪಿತು, ಕಂತು ತಪ್ಪಿದ್ದಕ್ಕೆ ಕೆಲಸ ಇಲ್ಲ. ಇದು ಎಂತ ಲೆಕ್ಕ ಮಾರಾಯ್ರೇ? ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಬದಿಯಡ್ಕದಿಂದ:
ತಮ್ಮಾ, ಮೊದಲು ನಿನ್ನ ರಿಪೋರ್ಟು ನೀನೇ ತೆಗೆದು ನೋಡು. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸೇರಿ ನಮ್ಮ ಸಾಲದ ದಾಖಲೆ ಇಡುವ ಒಟ್ಟು ನಾಲ್ಕು ಕಂಪೆನಿಗಳು ಉಂಟು. ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟು ಪುಕ್ಕಟೆ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ. ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಈ ಹೆದರಿಕೆಯಲ್ಲೇ ನಾನು ಎರಡು ವರ್ಷ ತೆರೆದು ನೋಡಿರಲಿಲ್ಲ.

ನೋಡಿದಾಗ ಎಂತ ಇತ್ತು ಗೊತ್ತುಂಟಾ? ಮೊಬೈಲಿಗೆ ಮಾಡಿದ್ದ ಸಾಲ. ತೀರಿಸಿ ಎಷ್ಟೋ ಕಾಲ ಆಗಿತ್ತು. ಅದರಲ್ಲಿ 590 ರೂಪಾಯಿ ಬಾಕಿ ಅಂತ ತೋರಿಸುತ್ತಿತ್ತು, ಯಾವುದೋ ಚಾರ್ಜ್. ಆ 590ಕ್ಕೆ ನನ್ನ ಒಂದು ಕೆಲಸ ಹೋಗಿದೆ. ಸಾಲ ತೀರಿದ ಪತ್ರ ಇಟ್ಟು ಆನ್‌ಲೈನಿನಲ್ಲೇ ದೂರು ಹಾಕಿದೆ. 30 ದಿನದೊಳಗೆ ಸರಿ ಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲಿನಿಂದ ಉಂಟು. ನನ್ನದು 26ನೇ ದಿನ ಸರಿಯಾಯಿತು. ಪರಿಹಾರ ತಪ್ಪಿತಲ್ಲ ಅಂತ ಸ್ವಲ್ಪ ಬೇಸರವೇ ಆಯಿತು! ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ದೂರು ಕೇಳುವ ಅಧಿಕಾರಿಗೆ, ಬರೆಯಬಹುದು, ದುಡ್ಡು ಬೇಡ.

ಆದರೆ ನಿನ್ನ ನಾಲ್ಕು ಕಂತು ನಿಜವಾಗಿ ತಪ್ಪಿದ್ದು. ಅದನ್ನು ಅಳಿಸಲಿಕ್ಕೆ ಆಗುವುದಿಲ್ಲ. ‘ಸೆಟಲ್‌ಮೆಂಟ್ ಮಾಡಿ, ಅರ್ಧ ಕೊಟ್ಟರೆ ಸಾಕು’ ಅಂತ ಫೋನ್ ಬರುತ್ತದೆ. ಒಪ್ಪಿದರೆ ರಿಪೋರ್ಟಿನಲ್ಲಿ ‘ಸೆಟಲ್ಡ್’ ಎಂದೇ ಬೀಳುತ್ತದೆ, ‘ಕ್ಲೋಸ್ಡ್’ ಅಂತ ಅಲ್ಲ. ಅಂದರೆ ಪೂರ್ತಿ ಕಟ್ಟಲಿಲ್ಲ ಅಂತಲೇ ಲೆಕ್ಕ. ಕಷ್ಟವಾದರೂ ಪೂರ್ತಿ ಕಟ್ಟಿ ಪತ್ರ ತೆಗೆದುಕೋ.

ಉಪ್ಪಳದ ಒಬ್ಬ ಅಕ್ಕ:
ಬ್ಯಾಂಕು, ಫೈನಾನ್ಸ್‌ಗೇ ಅರ್ಜಿ ಹಾಕುವುದಾದರೆ ಇದು ಬಿಡುವುದಿಲ್ಲ. 2025ರಲ್ಲಿ ಮದ್ರಾಸ್ ಹೈಕೋರ್ಟಿಗೆ ಇಂಥದ್ದೇ ಒಂದು ಕೇಸು ಹೋಗಿತ್ತು. ಹಳೆ ಸಾಲವೆಲ್ಲ ತೀರಿಸಿದ್ದೇನೆ ಎಂದು ಅಭ್ಯರ್ಥಿ ಹೇಳಿದರೂ ಕೋರ್ಟು ಬ್ಯಾಂಕಿನ ಪರವೇ ನಿಂತಿತು. ಪರರ ಹಣ ಮುಟ್ಟುವ ಕೆಲಸ ಎಂಬುದು ಕೋರ್ಟಿನ ಮಾತು. ನನಗೆ ಅದು ಒಪ್ಪಿಗೆ ಇಲ್ಲ. ಕಂತು ತಪ್ಪಿದವನು ಕಳ್ಳನಾ?

ಹಾಗಾಗಿ ಕೆಲವು ದಿನ ಅಂಗಡಿ, ಆಸ್ಪತ್ರೆ, ಆಡಿಟರ್ ಆಫೀಸು ನೋಡಿ. ನಾನು ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕ ಬರೆದು ಒಂದು ವರ್ಷ ಕಳೆದೆ. ಸಂಬಳ ಕಡಿಮೆ, ಆದರೆ ಸಿಬಿಲ್ ಯಾರೂ ಕೇಳಲಿಲ್ಲ.

ನನ್ನ ಕಥೆ ಬೇರೆ. ನನ್ನನ್ನು ತಡೆದದ್ದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು. ರೇಷನ್ ಕಾರ್ಡಿನ ಮಲಯಾಳದಿಂದ ಇಂಗ್ಲಿಷಿಗೆ ಬರುವಾಗ ಮತ್ತೊಂದು ಸ್ಪೆಲ್ಲಿಂಗ್. ಬೆಂಗಳೂರಿನ ವೆರಿಫಿಕೇಶನ್‌ನವರಿಗೆ ನಾನು ಮೂರು ಜನ! ಕೊನೆಗೆ ಅಕ್ಷಯ ಕೇಂದ್ರದಲ್ಲಿ (ಕೇರಳದಲ್ಲಿ ಸರ್ಕಾರಿ ಅರ್ಜಿ ಹಾಕುವ ಕೇಂದ್ರ) ಅರ್ಜಿ ಕೊಟ್ಟು ವಿಲೇಜ್ ಆಫೀಸಿನಿಂದ ‘ವನ್ ಆಂಡ್ ದ ಸೇಮ್’ ಸರ್ಟಿಫಿಕೇಟ್, ಅಂದರೆ ಈ ಹೆಸರುಗಳೆಲ್ಲ ಒಬ್ಬರದ್ದೇ ಎಂಬ ಪತ್ರ, ತೆಗೆಸಿದೆ. ಗಡಿಯಲ್ಲಿ ಇರುವವರು ಕೆಲಸ ಹುಡುಕುವ ಮೊದಲೇ ಅದನ್ನು ಮಾಡಿಸಿಟ್ಟುಕೊಳ್ಳಿ.

ಮಂಜೇಶ್ವರದಿಂದ:
2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ನೆನಪುಂಟಲ್ಲ? ಮಂಗಳೂರಿಗೆ ದಿನಾ ಹೋಗಿ ಬರುತ್ತಿದ್ದ ನಮ್ಮ ಕೆಲಸ ಆಗಲೇ ಹೋಯಿತು. ಆ ಗ್ಯಾಪನ್ನು ಈಗಲೂ ಕೇಳುತ್ತಾರೆ. ‘ಗಡಿ ಬಂದ್ ಇತ್ತು’ ಎಂದರೆ ಬೆಂಗಳೂರಿನವರು ಎಂತ ಗಡಿ ಎನ್ನುತ್ತಾರೆ.

ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಪಿಎಫ್ ಸೈಟಿನಲ್ಲಿ ನಿಮ್ಮ ಹಳೆ ಕಂಪೆನಿ ‘ಬಿಟ್ಟ ದಿನ’ ಹಾಕಿದೆಯಾ ನೋಡಿ. ಹಾಕದಿದ್ದರೆ ನೀವಿನ್ನೂ ಅಲ್ಲೇ ಕೆಲಸದಲ್ಲಿದ್ದ ಹಾಗೆ ಕಾಣುತ್ತದೆ, ಹೊಸಬರು ಸಂಶಯಪಡುತ್ತಾರೆ. ಬಿಟ್ಟು ಎರಡು ತಿಂಗಳಾದ ಮೇಲೆ ನಮ್ಮ ಯುಎಎನ್ (ಪಿಎಫ್ ನಂಬರ್) ಹಾಕಿ ಆ ಸೈಟಿನಲ್ಲಿ ನಾವೇ ಹಾಕಬಹುದು. ಬ್ರಾಂಚ್ ಮುಚ್ಚಿದೆ ಅಂತೀರಿ, ಹಾಗಾದರೆ ಖಂಡಿತ ನೋಡಿ.

ಮತ್ತೆ, ಕಂತು ತಪ್ಪಿದ್ದನ್ನು ಮೊದಲೇ ಹೇಳಬೇಕಾ? ನಾನು ಒಮ್ಮೆ ಹೇಳಿ ಕೆಲಸ ಕಳೆದುಕೊಂಡೆ, ಇನ್ನೊಮ್ಮೆ ಹೇಳಿಯೇ ಕೆಲಸ ಸಿಕ್ಕಿತು. ಎದುರು ಕುಳಿತವರ ಮೇಲೆ ಹೋಗುತ್ತದೆ. ಈಗಿನವರು ಹೇಳಿದ್ದು, ‘ಹೇಗೂ ನಮಗೆ ಕಾಣುತ್ತಿತ್ತು, ನೀವೇ ಹೇಳಿದ್ದು ಒಳ್ಳೆಯದಾಯಿತು’ ಅಂತ.

ಮುಳ್ಳೇರಿಯದಿಂದ:
ಸ್ಕೋರ್ ಏರಿಸಿ ಕೊಡುತ್ತೇವೆ ಎನ್ನುವ ಏಜೆಂಟರಿಗೆ ಒಂದು ರೂಪಾಯಿ ಕೊಡಬೇಡಿ. ನಾನು 4,000 ಕೊಟ್ಟೆ. ಫೋನೂ ಎತ್ತುವುದಿಲ್ಲ ಈಗ.

ಕುಂಬಳೆಯವನೇ, ಮತ್ತೆ:
ಪಿಎಫ್ ನೋಡಿದೆ. ಬಿಟ್ಟ ದಿನ ಖಾಲಿ! ಈಗಷ್ಟೇ ಹಾಕಿದೆ. ಅಮ್ಮನ ಬಳೆ ಅಡವಿಟ್ಟು ಎರಡು ಕಂತು ಕಟ್ಟುವುದು ಅಂತ ಮಾತಾಗಿದೆ, ಇನ್ನೆರಡು ಮುಂದಿನ ತಿಂಗಳು. ಅಕ್ಕಾ, ಆ ಅಡಿಕೆ ವ್ಯಾಪಾರಿಗೆ ಈಗಲೂ ಲೆಕ್ಕ ಬರೆಯಲು ಜನ ಬೇಕಾ?