ಭಾರ ಅಷ್ಟೇ ಇದ್ದರೂ ಫರ್ನೇಸಿನ ಟ್ರೇ ಪ್ರತಿ ಚಾರ್ಜಿಗೂ ಇನ್ನಷ್ಟು ಜೋಲುವುದೇಕೆ?

ಪ್ರಶ್ನೆ (ಗೋಕುಲ ರೋಡ್, ಹುಬ್ಬಳ್ಳಿ):
ನಮಸ್ಕಾರ. ನಮ್ಮ ಶಾಪಿನಲ್ಲಿ ಗೇರುಗಳನ್ನು ಟ್ರೇಯಲ್ಲಿ ಜೋಡಿಸಿ, 930 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾರ್ಬುರೈಸಿಂಗ್ (ಮೇಲ್ಮೈ ಗಡಸಾಗಲು ಅನಿಲದಿಂದ ಕಾರ್ಬನ್ ಹೀರಿಸುವುದು) ಮಾಡಿ, ಟ್ರೇ ಸಮೇತ ಎಣ್ಣೆಯಲ್ಲಿ ಅದ್ದುತ್ತೇವೆ. ಇಂಥ ಒಂದು ಸುತ್ತಿಗೆ ಒಂದು ಚಾರ್ಜ್ ಎನ್ನುತ್ತೇವೆ. ಟ್ರೇ ಶೇಕಡಾ 25 ಕ್ರೋಮಿಯಂ, ಶೇಕಡಾ 20 ನಿಕ್ಕೆಲ್ ಇರುವ ಸ್ಟೀಲಿನದು. ಭಾರ ಬದಲಾಗದಿರುವಾಗ ಅದು ಒಮ್ಮೆ ಬಾಗಿ ಅಲ್ಲಿಗೇ ನಿಲ್ಲಬೇಕಿತ್ತು, ಆದರೆ ನಿಲ್ಲುತ್ತಿಲ್ಲ. ಇದು ಕ್ರೀಪೋ (ಕಾವಿನಲ್ಲಿ ನಿಧಾನವಾಗಿ ಬಾಗುತ್ತಾ ಹೋಗುವುದು), ಪ್ಲಾಸ್ಟಿಕ್ ಯೀಲ್ಡೋ (ಮಿತಿ ಮೀರಿ ಒಮ್ಮೆಲೇ ಕಾಯಂ ಆಗಿ ಬಾಗುವುದು)?

ಉತ್ತರ 1 (ಧಾರವಾಡ, ಮೆಕ್ಯಾನಿಕಲ್ ಅಧ್ಯಾಪಕ):
ಎರಡೂ ಹೌದು, ಮತ್ತು ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತಿದೆ. ಯೀಲ್ಡ್‌ಗೆ ಸಮಯ ಬೇಕಿಲ್ಲ, ಸ್ಟ್ರೆಸ್ (ಲೋಹದೊಳಗಿನ ಬಿಗಿತ) ಮಿತಿ ದಾಟಿದರೆ ಸಾಕು. ಕ್ರೀಪ್‌ಗೆ ಮಿತಿ ದಾಟಬೇಕಾಗಿಲ್ಲ, ಕಾವೂ ಸಮಯವೂ ಇದ್ದರಾಯಿತು. ಕೆಲ್ವಿನ್‌ನಲ್ಲಿ ಅಳೆದ ಕರಗುಬಿಂದುವಿನ ಸುಮಾರು 0.4 ಪಟ್ಟು ದಾಟಿದ ಮೇಲೆ ಕ್ರೀಪ್ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಟ್ರೇ 0.7ರ ಆಸುಪಾಸಿನಲ್ಲಿ ಕೂತಿದೆ.

ಎಣ್ಣೆಗೆ ಇಳಿದಾಗ ತೆಳು ಸರಳುಗಳು ಮೊದಲು ತಣಿದು ಕುಗ್ಗಲು ಹೋಗುತ್ತವೆ, ಇನ್ನೂ ಕಾದಿರುವ ದಪ್ಪ ಚೌಕಟ್ಟು ಬಿಡುವುದಿಲ್ಲ. ಯಂಗ್ ಗುಣಾಂಕ (ಎಳೆತಕ್ಕೆ ಲೋಹ ತೋರುವ ಬಿಗುವಿನ ಅಳತೆ) 200 ಗಿಗಾಪಾಸ್ಕಲ್, ಹಿಗ್ಗುವಿಕೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 16 ಭಾಗ ಎಂದಿಟ್ಟುಕೊಂಡರೆ, ಪೂರ್ತಿ ಬಿಗಿಹಿಡಿದ ಸರಳಿನಲ್ಲಿ ಕೇವಲ 65 ಡಿಗ್ರಿಯ ಅಂತರ 208 ಮೆಗಾಪಾಸ್ಕಲ್ ಹುಟ್ಟಿಸುತ್ತದೆ, ಮತ್ತು ಈ ಜಾತಿಯ ಸ್ಟೀಲು ತಣ್ಣಗಿರುವಾಗಲೂ ಹೆಚ್ಚುಕಡಿಮೆ ಅಷ್ಟಕ್ಕೇ ಯೀಲ್ಡ್ ಆಗುತ್ತದೆ. ಕಾವು ಕಡಿಮೆಯಿರುವ ಕಡೆಯಾದರೆ, ಮೊದಲ ಕೆಲವು ಸುತ್ತುಗಳ ಯೀಲ್ಡ್ ಬಿಟ್ಟುಹೋಗುವ ಶೇಷ ಸ್ಟ್ರೆಸ್ ಮುಂದಿನ ಸುತ್ತುಗಳಿಗೆ ಎದುರು ನಿಂತು ಲೋಹವನ್ನು ಕಾಯುವುದುಂಟು. ನಿಮ್ಮ ಫರ್ನೇಸಿನಲ್ಲಿ ಆ ಕಾವಲನ್ನು ಕ್ರೀಪ್ ಕರಗಿಸಿಬಿಡುತ್ತದೆ: ಸ್ಥಿತಿಸ್ಥಾಪಕವಾಗಿದ್ದ, ಅಂದರೆ ಮರಳಿ ಸರಿಯಾಗಬಹುದಾಗಿದ್ದ ಸ್ಟ್ರೇನ್ (ಆಕಾರದ ಬದಲಾವಣೆ) ಕಾಯಂ ಸ್ಟ್ರೇನ್ ಆಗುತ್ತದೆ, ಯೀಲ್ಡ್‌ನಿಂದ ಬಂದ ಗಡಸುತನವೂ ಅಳಿಯುತ್ತದೆ, ಹೀಗಾಗಿ ಪ್ರತಿ ಚಾರ್ಜೂ ಹೊಸದಾಗಿಯೇ ಶುರುವಾಗುತ್ತದೆ. ಗೇರುಗಳ ಭಾರ ಸಣ್ಣದಿರಬಹುದು, ಆದರೆ ಈ ಗಳಿಕೆಯೆಲ್ಲ ಯಾವ ಕಡೆಗೆ ಸೇರಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ.

ಇದಕ್ಕೆ ರ‍್ಯಾಚೆಟಿಂಗ್ ಎನ್ನುತ್ತಾರೆ. ಸ್ಥಿರ ಒತ್ತಡದ ಜೊತೆಗೆ ಏರಿಳಿಯುವ ತಾಪದ ಸ್ಟ್ರೆಸ್ ಸೇರಿದಾಗ ಹೀಗಾಗುವುದನ್ನು ಬ್ರೀ ಎಂಬ ಸಂಶೋಧಕರು 1967ರಲ್ಲಿ ಪರಮಾಣು ಇಂಧನದ ತೆಳುಗೊಳವೆಗಳಿಗಾಗಿ ಲೆಕ್ಕ ಹಾಕಿ ತೋರಿಸಿದರು. ಚೈನ್ ಪುಲ್ಲಿಯ ಹಲ್ಲುಚಕ್ರವನ್ನು ನೆನಪಿಸಿಕೊಳ್ಳಿ, ಅದು ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಬಿಡುವುದಿಲ್ಲ.

ಉತ್ತರ 2 (ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ):
ಅಧ್ಯಾಪಕರ ಮಾತು ಸರಿ, ಆದರೆ ಎಲ್ಲವನ್ನೂ ಅದರ ಮೇಲೆಯೇ ಹಾಕಬೇಡಿ. ಕಾರ್ಬುರೈಸಿಂಗ್ ಅನಿಲದಿಂದ ಟ್ರೇ ಕೂಡ ಕಾರ್ಬನ್ ಹೀರಿ ಸ್ವಲ್ಪ ಉಬ್ಬುತ್ತದೆ, ಪೆಡಸಾಗುತ್ತದೆ. ಕೈಯಲ್ಲಿ ಮಾಡಬಹುದಾದದ್ದೆಂದರೆ, ಕೂಡುಮೂಲೆಗಳಲ್ಲಿ ದಪ್ಪ ಗಂಟುಗಳಿರುವ ವಿನ್ಯಾಸ ಬಿಟ್ಟು ಎಲ್ಲ ಕಡೆ ಒಂದೇ ದಪ್ಪವಿರುವುದನ್ನು ಆರಿಸುವುದು, ಮತ್ತು ಎರಡೂ ಮಗ್ಗುಲು ಬಳಸಬಹುದಾದ ಟ್ರೇಯಾದರೆ ಆಗಾಗ ಮಗುಚಿ ಹಾಕುವುದು.

ಪ್ರಶ್ನಿಸಿದವರು:
ಧನ್ಯವಾದಗಳು ಸರ್. ಹಾಗಾದರೆ ಒಂದೇ ಚಾರ್ಜನ್ನು ಹೆಚ್ಚು ಹೊತ್ತು ಇಟ್ಟರೆ ಜೋಲುವುದು ಕಡಿಮೆಯೋ, ಹೆಚ್ಚೋ?

ಉತ್ತರ 1 ಬರೆದವರು:
ಒಟ್ಟು ಗಂಟೆಗಳು ಸಮನಾಗಿದ್ದರೆ, ಕಡಿಮೆ ಸಲ ಅದ್ದಿದ ಟ್ರೇ ಕಡಿಮೆ ಜೋಲಬೇಕು. ಎರಡು ಹೊಸ ಟ್ರೇಗಳಿಗೆ ಸೆಂಟರ್ ಪಂಚ್ ಗುರುತು ಹಾಕಿ, ಒಂದನ್ನು ದೀರ್ಘ ಚಾರ್ಜಿಗೂ ಇನ್ನೊಂದನ್ನು ಸಣ್ಣ ಚಾರ್ಜುಗಳಿಗೂ ಹಾಕಿ, ಭಾರ ಒಂದೇ ಇಟ್ಟು ಅಳೆಯಿರಿ. ಎರಡೂ ಸಮನಾಗಿ ಜೋತರೆ ಅದು ಬಹುಪಾಲು ಬರಿಯ ಕ್ರೀಪ್. ಆಗ ಭಾರವನ್ನೇ ಇಳಿಸಬೇಕಾಗುತ್ತದೆ.