ಹ್ಯಾಂಗರ್ ಪಕ್ಕದಲ್ಲಿ ಚಾಸಿ ಮತ್ತೆ ಸೀಳಿದೆ, ಮಳೆ ಹಿಡಿಯುವುದರೊಳಗೆ ಸರಿಯಾಗಬೇಕು

ತೋಟದಹಾದಿ

ಸ್ಪ್ರಿಂಗನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಹಿಡಿಸುವ ಹ್ಯಾಂಗರಿನ ಹತ್ತಿರ, ಕಳೆದ ವರ್ಷ ವೆಲ್ಡ್ ಮಾಡಿಸಿದ ಜಾಗದ ಪಕ್ಕದಲ್ಲೇ ಮತ್ತೆ ಬಿರುಕು. ಪೇಟೆಯ ಗ್ಯಾರೇಜಿನವರು ದಪ್ಪ ಆಂಗಲ್ ತುಂಡು ಇಟ್ಟು ಸುತ್ತಲೂ ವೆಲ್ಡ್ ಹೊಡೆದು, ‘ಗಾಡಿ ಹೋದರೂ ಇದು ಹೋಗುವುದಿಲ್ಲ’ ಎಂದು ಹೇಳಿ ಕಳಿಸಿದ್ದರು. ಆಂಗಲ್ ಹಾಗೆಯೇ ಇದೆ. ಅದರ ಅಂಚಿಗೆ ಹೊಂದಿಕೊಂಡ ತಗಡು ಹರಿದಿದೆ. ಬ್ರೇಕ್ ಹಿಡಿದಾಗಲೆಲ್ಲ ಟಕ್ ಎಂಬ ಸದ್ದು ಬರುತ್ತದೆ. ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ. ಯಾವ ರಾಡ್ ಬಳಸಬೇಕು, ಎಷ್ಟು ದಪ್ಪದ ಪ್ಲೇಟ್ ಇಡಬೇಕು ಎಂಬುದನ್ನು ಅನುಭವ ಇರುವವರು ಹೇಳಿ. ಗಾಡಿ ಮಾರು, ಬೇರೆ ತೆಗೆದುಕೋ ಎನ್ನುವ ಸಲಹೆ ಬೇಡ.

ಘಟ್ಟದಗೇರು

ಯಾವ ಗಾಡಿ? ಮುಂದೆಯೋ, ಹಿಂದೆಯೋ? ಎಡವೋ, ಬಲವೋ? ಫೋಟೋ ಹಾಕಿ.

ತೋಟದಹಾದಿ

ಮಾರುತಿ ಜಿಪ್ಸಿ, 1998ರದು, 1300 ಸಿಸಿ. ಹಿಂದಿನ ಬಲಗಡೆ. ಫೋಟೋ ಹಾಕಿದ್ದೇನೆ.

ಘಟ್ಟದಗೇರು

ನೋಡಿದೆ. ಇದು ಸ್ಪ್ರಿಂಗಿನ ಮುಂದಿನ ತುದಿಯ ಹ್ಯಾಂಗರ್. ನನ್ನ ಮಟ್ಟಿಗೆ ವಿಷಯ ಸ್ಪಷ್ಟ: ಸ್ಪ್ರಿಂಗಿನ ಹಿಂದಿನ ತುದಿಯನ್ನು ಹಿಡಿದು ತೂಗುವ ಕೊಂಡಿ, ಅಂದರೆ ಶ್ಯಾಕಲ್, ಸಿಕ್ಕಿಹಾಕಿಕೊಂಡಿದೆ. ಅದರ ರಬ್ಬರ್ ಬುಷ್‌ನ ಒಳಗಿನ ಉಕ್ಕಿನ ಕೊಳವೆ ಮತ್ತು ಬೋಲ್ಟ್ ತುಕ್ಕಿನಿಂದ ಒಂದೇ ಆಗಿರುತ್ತವೆ. ಹೊರೆ ಬಿದ್ದಾಗ ಸ್ಪ್ರಿಂಗಿನ ಪ್ಲೇಟ್‌ಗಳು ಚಪ್ಪಟೆಯಾಗಿ ಉದ್ದವಾಗಬೇಕು, ಆ ಉದ್ದಕ್ಕೆ ಶ್ಯಾಕಲ್ ತೂಗಿ ಜಾಗ ಕೊಡಬೇಕು. ಅದು ತೂಗದಿದ್ದರೆ ಸ್ಪ್ರಿಂಗು ಹ್ಯಾಂಗರನ್ನೇ ನೂಕುತ್ತದೆ. ಮೊದಲು ಶ್ಯಾಕಲ್ ಬಿಚ್ಚಿ. ಬೋಲ್ಟ್ ಬರದಿದ್ದರೆ ಗ್ರೈಂಡರಿನಲ್ಲಿ ಕತ್ತರಿಸಿ, ಹೊಸ ಬುಷ್, ಹೊಸ ಬೋಲ್ಟ್ ಹಾಕಿ.

ರಾಡ್‌ಹಿಡಿದಕೈ

ಶ್ಯಾಕಲ್ ಆಮೇಲೆ ನೋಡಬಹುದು. ಕೆಟ್ಟದ್ದು ವೆಲ್ಡಿಂಗ್. ಸುತ್ತಲೂ ಬಳೆಯಂತೆ ವೆಲ್ಡ್ ಹೊಡೆದರೆ ತಗಡು ಅಂಚಿನಲ್ಲಿ ಹರಿಯುವುದು ಖಂಡಿತ. ಅವರು ಬಳಸಿದ್ದು 6013 ರಾಡ್ ಇರಬೇಕು, ಊರಿನಲ್ಲಿ ಎಲ್ಲರ ಬಳಿ ಇರುವುದು ಅದೇ. ಚಾಸಿಗೆ ಹೆಚ್ಚು ಬಲದ 7018 ರಾಡ್ ಬೇಕು. ಬೇರೆ ಮಾತಿಲ್ಲ.

ಕೊಡಗುಚಕ್ರ

7018 ಎಂದು ಹೇಳುವುದು ಸುಲಭ. ಊರಿನ ಅಂಗಡಿಗಳಲ್ಲಿ ಇರುವುದು ಎಣ್ಣೆ ತುಂಬಿದ ಎಸಿ ಟ್ರಾನ್ಸ್‌ಫಾರ್ಮರ್. ಅದರಲ್ಲಿ 7018 ಸರಿಯಾಗಿ ಉರಿಯುವುದೇ ಇಲ್ಲ, ಅಂಟಿಕೊಳ್ಳುತ್ತದೆ. ಜತೆಗೆ ಮಲೆನಾಡಿನ ಹವೆಗೆ ಪೊಟ್ಟಣ ಒಡೆದು ಇಟ್ಟ ರಾಡ್ ತೇವ ಹೀರಿರುತ್ತದೆ. ಅದನ್ನು 300 ಡಿಗ್ರಿ ಮೇಲಿನ ಶಾಖದಲ್ಲಿ ಒಣಗಿಸುವ ಒಲೆ ಯಾವ ಹಳ್ಳಿ ಅಂಗಡಿಯಲ್ಲಿದೆ? ಜಿಪ್ಸಿಯ ಚಾಸಿ ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ತೆಳು ತಗಡು, ಲಾರಿಯ ಚಾಸಿ ಅಲ್ಲ. ಅದಕ್ಕೆ ರಾಡ್ ಬದಲು ಗ್ಯಾಸಿನ ಮರೆಯಲ್ಲಿ ತಂತಿ ಕರಗಿಸುವ ಮಿಗ್ ವೆಲ್ಡಿಂಗ್ ಸೂಕ್ತ, 0.8 ಮಿ.ಮೀ. ತಂತಿಯದು.

ರಾಡ್‌ಹಿಡಿದಕೈ

2.5 ಮಿ.ಮೀ. 7018 ರಾಡಿನಲ್ಲಿ ತೆಳು ತಗಡಿಗೂ ಚೆನ್ನಾಗಿ ಹೊಡೆಯಬಹುದು, ಕೈ ಪಳಗಿರಬೇಕು ಅಷ್ಟೇ. ಈಗ ಎಲ್ಲ ಕಡೆ ಡಿಸಿ ಇನ್ವರ್ಟರ್ ಮೆಷಿನ್ ಬಂದಿದೆ. ಮಿಗ್‌ಗೆ ಬಯಲು ಗಾಳಿ ಬಡಿದರೆ ಗ್ಯಾಸ್ ಚದುರಿ ವೆಲ್ಡಿನೊಳಗೆ ಗುಳ್ಳೆ ಆಗುತ್ತದೆ, ಅದನ್ನು ಏಕೆ ಹೇಳಲಿಲ್ಲ?

ಕೊಡಗುಚಕ್ರ

ಗಾಳಿಗೆ ಟಾರ್ಪಾಲಿನ್ ಕಟ್ಟಬಹುದು ಸ್ವಾಮಿ. ತೇವ ಹೀರಿದ ರಾಡಿಗೆ ಏನು ಕಟ್ಟುತ್ತೀರಿ?

ಬಿಳಿಜಿಪ್ಸಿ

ನನ್ನ ಜಿಪ್ಸಿಯಲ್ಲಿ ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರಿಸಿದ್ದೇನೆ, 31 ಇಂಚಿನ ಟೈರ್, ಮುಂದೆ ವಿಂಚ್, ಹಿಂದೆ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್. ಬಿಸಿಲೆಯ ಕಲ್ಲುದಾರಿಯಲ್ಲೂ ಹ್ಯಾಂಗರ್ ಒಂದು ಕೂದಲಿನಷ್ಟೂ ಅಲುಗಿಲ್ಲ. ಆಗಲೇ ಹ್ಯಾಂಗರುಗಳಿಗೆ ಬಲ ಕೊಡುವ ತ್ರಿಕೋನ ತಗಡು, ಅಂದರೆ ಗಸೆಟ್, ಹಾಕಿಸಿದ್ದೆ. ನೀವೂ ಅದನ್ನೇ ಮಾಡಿಸಿ. ಬೇಕಾದರೆ ಅಳತೆ ಕೊಡುತ್ತೇನೆ.

ಘಟ್ಟದಗೇರು

ಅವರದು ತೋಟದ ಗಾಡಿ, ಸ್ಪರ್ಧೆಯ ಗಾಡಿಯಲ್ಲ. ತೋಟದಹಾದಿ ಅವರೇ, ಶ್ಯಾಕಲ್ ಬಿಚ್ಚಿದಿರಾ?

ತೋಟದಹಾದಿ

ಬಿಚ್ಚಿದೆ. ಬಲಗಡೆಯ ಕೆಳಗಿನ ಬೋಲ್ಟ್ ಬರಲಿಲ್ಲ, ಕತ್ತರಿಸಬೇಕಾಯಿತು. ಎಡಗಡೆಯದು ಸಲೀಸಾಗಿ ಬಂತು.

ಘಟ್ಟದಗೇರು

ನಾನು ಹೇಳಿದ್ದೂ ಅದೇ. ಬುಷ್ ಬದಲಿಸಿ, ಗಾಡಿಯನ್ನು ನೆಲಕ್ಕಿಳಿಸಿ ಭಾರ ಕೂತ ಮೇಲೆಯೇ ಬೋಲ್ಟ್ ಬಿಗಿಯಿರಿ. ಜಾಕ್ ಮೇಲಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಸಮಸ್ಯೆ ಮುಗಿಯಿತು.

ಹಳೇಲೇತು

ಮುಗಿದಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿ, ಚಾಸಿಯ ಮೇಲ್ಮೈಯಲ್ಲಿ ತಿಳಿನೀಲಿ ಕಲೆ ಇಳಿದಿದೆ. ತೋಟದಹಾದಿ ಅವರೇ, ಹಿಂದೆ ಏನು ಹೇರುತ್ತೀರಿ?

ತೋಟದಹಾದಿ

ಔಷಧದ ಟ್ಯಾಂಕು. ಮಳೆಗಾಲದಲ್ಲಿ ಅಡಕೆಯ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದಕ್ಕೆ. ತೀರ್ಥಹಳ್ಳಿ ಕಡೆಯ ಎಲ್ಲ ತೋಟಗಳಲ್ಲೂ ಹೀಗೆಯೇ ಒಯ್ಯುತ್ತಾರೆ.

ಹಳೇಲೇತು

ಎಷ್ಟು ಲೀಟರ್? ಯಾವ ಕಡೆ ಕೂರಿಸುತ್ತೀರಿ? ಪಂಪ್ ಎಲ್ಲಿರುತ್ತದೆ?

ತೋಟದಹಾದಿ

500 ಲೀಟರ್. ಬಲಗಡೆಗೆ ಒತ್ತಿ ಕೂರಿಸುತ್ತೇನೆ, ಎಡಗಡೆ ಪೈಪಿನ ಸುರುಳಿ ಇರಬೇಕು. ಔಷಧ ಚಿಮ್ಮಿಸುವ ಎಚ್‌ಟಿಪಿ ಪಂಪ್ ತೀರಾ ಹಿಂದೆ. ಮೇಲೆ ಇಬ್ಬರು ಆಳುಗಳು ನಿಲ್ಲುತ್ತಾರೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ನೀರನ್ನು ಮನೆಯಲ್ಲೇ ತುಂಬಿಕೊಂಡು ಹೋಗುತ್ತೇವೆ, ಸುಣ್ಣದ ತಿಳಿಯನ್ನು ತೋಟದಲ್ಲಿ ಕೂಡಿಸುತ್ತೇವೆ.

ಹಳೇಲೇತು

ಹಾಗಿದ್ದರೆ ಎಲ್ಲವೂ ತಾಳೆಯಾಗುತ್ತದೆ. ನೀರೊಂದೇ 500 ಕಿಲೋ. ಟ್ಯಾಂಕು, ಪಂಪು, ಪೈಪು, ಆಳುಗಳು ಸೇರಿದರೆ ಈ ಗಾಡಿಯ ಹಿಂಭಾಗ ಹೊರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಅದರಲ್ಲೂ ಒಂದೇ ಬದಿಗೆ. ಅರ್ಧ ಖಾಲಿಯಾದ ಟ್ಯಾಂಕು ಇನ್ನೂ ಕೆಟ್ಟದ್ದು, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ನೀರು ಮುಂದಕ್ಕೆ ಅಪ್ಪಳಿಸುತ್ತದೆ. ಈ ಗಾಡಿಯಲ್ಲಿ ಆಕ್ಸಲನ್ನು ಹಿಡಿದಿಟ್ಟಿರುವುದೇ ಲೀಫ್ ಸ್ಪ್ರಿಂಗ್. ಚಕ್ರ ನೂಕುವ ಬಲ, ಬ್ರೇಕ್ ಎಳೆಯುವ ಬಲ ಎರಡೂ ಮುಂದಿನ ಹ್ಯಾಂಗರಿನ ಮೂಲಕವೇ ಚಾಸಿಗೆ ಹೋಗಬೇಕು, ಏಕೆಂದರೆ ಹಿಂದಿನ ತುದಿ ತೂಗಾಡುತ್ತದೆ. ಟಕ್ ಎನ್ನುವುದು ಬ್ರೇಕ್ ಹಿಡಿದಾಗಲೇ ಏಕೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಮೈಲುತುತ್ತ. ಸುಣ್ಣ ಕೂಡಿಸದ ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ, ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಬೋರ್ಡೋ ಹದವಾಗಿದೆಯೇ ಎಂದು ನೋಡಲು ನೀವೇ ಕತ್ತಿಯ ಅಲಗನ್ನು ಅದ್ದುತ್ತೀರಲ್ಲ, ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಹಾಕುತ್ತೀರಲ್ಲ, ಆ ಅಲಗಿಗೆ ಆಗುವುದೇ ಚಾಸಿಗೂ ಆಗುತ್ತಿದೆ. ಮುಚ್ಚಿದ ಚಾಸಿಯ ಒಳಗೆ ಇಳಿದ ನೀರು ಕೆಸರಿನ ಜತೆ ಅಲ್ಲೇ ನಿಲ್ಲುತ್ತದೆ. ಸುತ್ತಿಗೆಯ ತುದಿಯಿಂದ ಹ್ಯಾಂಗರಿನ ಆಚೀಚೆ ಒಂದೊಂದು ಅಡಿ ಬಡಿದು ನೋಡಿ. ಗಟ್ಟಿ ತಗಡು ಖಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ತಳಭಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ.

ಅಡಕೆಮನೆ

1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹದವಾದ ಬೋರ್ಡೋದಿಂದ ಕಬ್ಬಿಣ ಹಾಳಾಗುವುದಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಹೊಡೆಯುತ್ತಿದ್ದೇವೆ. ಔಷಧದ ಮೇಲೆ ತಪ್ಪು ಹೊರಿಸಬೇಡಿ.

ಹಳೇಲೇತು

ಹದವಾದ ಬೋರ್ಡೋ ಬಗ್ಗೆ ನಾನೂ ದೂರಿಲ್ಲ ಮಾರಾಯರೇ. ಇವರು ಗಾಡಿಯಲ್ಲಿ ಒಯ್ಯುವುದು ಸುಣ್ಣ ಸೇರುವುದಕ್ಕೆ ಮುಂಚಿನ ನೀರು. ಚೆಲ್ಲುವುದೂ ಅದೇ.

ಅಡಕೆಮನೆ

ಹಾಗೆ ಒಯ್ಯುವುದು ಸರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಮೈಲುತುತ್ತವನ್ನು ತೋಟದಲ್ಲೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಲಿ.

ತೋಟದಹಾದಿ

ಚುಚ್ಚಿದೆ. ಹ್ಯಾಂಗರಿನ ಹಿಂದೆ ಅಂಗೈಯಗಲದ ಜಾಗದಲ್ಲಿ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಹೊರಗಿನಿಂದ ಬಣ್ಣ ಹೊಸದರಂತೆ ಕಾಣುತ್ತಿತ್ತು. ಒಳಗಿನಿಂದ ಹಸಿರು ಬೆರೆತ ಕೆಸರು ಬಂತು. ಎಡಗಡೆ ಗಟ್ಟಿಯಾಗಿದೆ.

ರಾಡ್‌ಹಿಡಿದಕೈ

ಹಾಗಾದರೆ 6 ಮಿ.ಮೀ. ಪ್ಲೇಟನ್ನು ತಳಕ್ಕೆ ಕೊಟ್ಟು ಎರಡೂ ಬದಿಗೆ ಮಡಚಿ ಹೊಡೆಯಿರಿ. ಆಮೇಲೆ ಅಲುಗುವುದಿಲ್ಲ.

ಹಳೇಲೇತು

ದಯವಿಟ್ಟು ಬೇಡ. ಆಂಗಲ್ ತುಂಡಿಗೆ ಆದದ್ದೇ ಮತ್ತೆ ಆಗುತ್ತದೆ. ಚಾಸಿ ಇಡೀ ಉದ್ದಕ್ಕೆ ಸ್ವಲ್ಪ ಬಾಗುತ್ತದೆ. ನಡುವೆ ಬಾಗದ ತುಂಡೊಂದು ಕೂತರೆ, ಆ ಬಾಗೆಲ್ಲ ಅದರ ಅಂಚಿನ ಗೆರೆಗೆ ಬಂದು ಬೀಳುತ್ತದೆ. ಕೊಳೆತ ತಗಡಿನ ಮೇಲೆ ಪ್ಲೇಟ್ ಮುಚ್ಚಿದರೆ ತುಕ್ಕು ಒಳಗೇ ಬೆಳೆಯುತ್ತದೆ.

ನಾನು ಮಾಡುವ ಕ್ರಮ ಇದು. ಪೆಟ್ರೋಲ್ ಟ್ಯಾಂಕ್ ಹಿಂದುಗಡೆ ನೆಲದಡಿಯೇ ಇದೆ, ಅದನ್ನು ಇಳಿಸಿ ದೂರ ಇಡಿ. ಇದರಲ್ಲಿ ರಾಜಿ ಬೇಡ. ಚಾಸಿಗುಂಟ ಹೋಗುವ ಬ್ರೇಕ್ ಪೈಪ್ ಸರಿಸಿ. ಬ್ಯಾಟರಿ, ಆಲ್ಟರ್ನೇಟರ್ ಎರಡರ ತಂತಿ ಬಿಚ್ಚಿ. ನಿಮ್ಮದು ಕಾರ್ಬ್ಯುರೇಟರ್ ಗಾಡಿ, ಆದರೂ ಆಲ್ಟರ್ನೇಟರಿನ ಡಯೋಡ್ ಹೋಗಬಹುದು. ಸ್ಟ್ಯಾಂಡನ್ನು ಚಾಸಿಗೆ ಕೊಟ್ಟು ಆ ಬದಿಯ ಸ್ಪ್ರಿಂಗನ್ನು ಪೂರ್ತಿ ಇಳಿಸಿ. ವೆಲ್ಡಿಂಗಿನ ಕಿಡಿ ಸ್ಪ್ರಿಂಗಿನ ಪ್ಲೇಟ್‌ಗಳ ಮೇಲೆ ಬೀಳಬಾರದು, ಅರ್ತ್ ಕ್ಲಿಪ್ಪನ್ನು ಅವಕ್ಕೆ ಸಿಕ್ಕಿಸಲೂ ಬಾರದು. ಹದ ಹಾಕಿದ ಉಕ್ಕು ಅದು, ಸುಟ್ಟ ಚುಕ್ಕೆಯಿಂದಲೇ ಮುರಿಯಲು ಶುರುವಾಗುತ್ತದೆ.

ಏನನ್ನಾದರೂ ಕತ್ತರಿಸುವ ಮೊದಲು ಬಲ ಹ್ಯಾಂಗರಿನ ಬೋಲ್ಟ್ ತೂತಿನಿಂದ ಎಡ ಶ್ಯಾಕಲ್ ತೂತಿಗೆ, ಎಡ ಹ್ಯಾಂಗರಿನಿಂದ ಬಲ ಶ್ಯಾಕಲ್ಲಿಗೆ ಓರೆಯಾಗಿ ಅಳೆದು ಬರೆದಿಡಿ. ಹ್ಯಾಂಗರ್ ಸರಿದರೆ ಆಕ್ಸಲ್ ಓರೆಯಾಗಿ ಗಾಡಿ ಏಡಿಯಂತೆ ಓಡುತ್ತದೆ. ಚಾಸಿ ಬಾಗದಂತೆ ತಾತ್ಕಾಲಿಕ ಪಟ್ಟಿಯೊಂದನ್ನು ಮೇಲ್ಭಾಗಕ್ಕೆ ಚುಕ್ಕೆ ವೆಲ್ಡಿನಿಂದ ಟ್ಯಾಕ್ ಮಾಡಿ. ಆಮೇಲೆ ಹಳೆ ಆಂಗಲನ್ನೂ ಕೊಳೆತ ತಗಡನ್ನೂ ಬಿಳಿ ಲೋಹ ಕಾಣುವವರೆಗೆ ತೆಗೆಯಿರಿ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಕೆಂಪು ದ್ರವ, ಬಿಳಿ ಪುಡಿಯ ಡೈ ಪರೀಕ್ಷೆಯ ಡಬ್ಬಿಗಳು ಶಿವಮೊಗ್ಗದ ಕೈಗಾರಿಕಾ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಬಿರುಕಿನ ತುದಿ ಸಿಕ್ಕಲ್ಲಿ ಚಿಕ್ಕ ತೂತು ಕೊರೆದು ನಿಲ್ಲಿಸಿ, ಗೀರನ್ನು ವಿ ಆಕಾರಕ್ಕೆ ತೆರೆದು ತುಂಬಿಸಿ.

ಹೊಸ ತುಂಡು 3 ಮಿ.ಮೀ. ಸಾಕು. ತುದಿಗಳನ್ನು ನೇರ ಕತ್ತರಿಸದೆ ಮೀನಿನ ಬಾಯಿಯ ಆಕಾರ ಕೊಡಿ. ಚಾಸಿಗೆ ಅಡ್ಡವಾಗಿ ನೆಟ್ಟಗೆ ವೆಲ್ಡ್ ಗೆರೆ ಬರಬಾರದು. ತುಂಡುತುಂಡಾಗಿ ಹೊಡೆದು ಆರಲು ಬಿಡಿ, ನೀರು ಸುರಿಯಬೇಡಿ. ಮಿಗ್ ಆಗಲಿ, 7018 ಆಗಲಿ, ನಿಮ್ಮ ವೆಲ್ಡರ್ ದಿನವೂ ಬಳಸುವುದು ಯಾವುದೋ ಅದೇ ಇರಲಿ.

ಬಿಳಿಜಿಪ್ಸಿ

ಇಷ್ಟೆಲ್ಲ ಏಕೆ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆ ಚಾಸಿಯೇ ಸಿಗಬಹುದು.

ಘಟ್ಟದಗೇರು

ಚಾಸಿ ಬದಲಿಸಿದರೆ ಸಂಖ್ಯೆ ಬದಲಾಗುತ್ತದೆ, ಆರ್‌ಟಿಒ ಅನುಮತಿ ಇಲ್ಲದೆ ಓಡಿಸುವಂತಿಲ್ಲ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಸಿಕ್ಕಿಬೀಳುತ್ತಾರೆ. ಅಂಥ ದಾರಿ ತೋರಿಸಬೇಡಿ. ಮತ್ತು ಶ್ಯಾಕಲ್ ವಿಷಯದಲ್ಲಿ ನನ್ನ ಮಾತು ಈಗಲೂ ನಿಲ್ಲುತ್ತದೆ, ಬಲಗಡೆಯ ಬೋಲ್ಟ್ ಮಾತ್ರ ಏಕೆ ಹಿಡಿದಿತ್ತು?

ಹಳೇಲೇತು

ನೀಲಿ ನೀರು ಬಲಗಡೆ ಇಳಿದದ್ದರಿಂದ.

ತೋಟದಹಾದಿ

ಪೆಟ್ರೋಲ್ ಟ್ಯಾಂಕ್ ಇಳಿಸಿದ್ದೇನೆ. ಓರೆ ಅಳತೆಗಳಲ್ಲಿ 7 ಮಿ.ಮೀ. ವ್ಯತ್ಯಾಸ ಇದೆ, ಅಂದರೆ ಹಿಂದಿನ ವೆಲ್ಡಿಂಗಿನಲ್ಲೇ ಹ್ಯಾಂಗರ್ ಸರಿದಿತ್ತು. ಮಿಗ್ ಇರುವ ವೆಲ್ಡರ್ ಕೊಪ್ಪದಲ್ಲಿ ಸಿಕ್ಕಿದ್ದಾರೆ. ಈ ವರ್ಷ 200 ಲೀಟರಿನ ಎರಡು ಡ್ರಮ್ಮು ಮಾಡಿ, ಒಮ್ಮೆಗೆ ಒಂದನ್ನೇ ನಡುವಿನಲ್ಲಿ ಇಟ್ಟು ಒಯ್ಯುತ್ತೇನೆ. ಒಂದು ಪ್ರಶ್ನೆ ಉಳಿದಿದೆ: ಮುಚ್ಚಿದ ಮೇಲೆ ಒಳಗೆ ಬಣ್ಣ ಹೇಗೆ ಹೊಡೆಯುವುದು?

ಕೊಡಗುಚಕ್ರ

ಬಣ್ಣ ಬೇಡ, ವೆಲ್ಡಿಂಗಿನ ಪಕ್ಕ ಹೇಗಿದ್ದರೂ ಸುಟ್ಟುಹೋಗುತ್ತದೆ. ಪೂರ್ತಿ ಆರಿದ ಮೇಲೆ ಉದ್ದ ನಳಿಗೆಯ ಸ್ಪ್ರೇಯಿಂದ ಒಳಗೆ ಮೇಣದ ಲೇಪ ಹೊಡೆಸಿ. ಅದಕ್ಕೂ ಮೊದಲು ಚಾಸಿಯ ತಳದಲ್ಲಿ ಈಗಾಗಲೇ ಇರುವ ನೀರಿನ ತೂತುಗಳನ್ನು ತಂತಿ ಹಾಕಿ ತೆರೆಯಿರಿ, ಎಡಗಡೆಯವನ್ನೂ ಸೇರಿಸಿ. ಹೊಸ ತುಂಡಿನಲ್ಲಿ ಅತ್ಯಂತ ತಗ್ಗಿನ ಜಾಗ ನೋಡಿ, ವೆಲ್ಡ್ ಗೆರೆಯಿಂದ ದೂರದಲ್ಲಿ, ತುಂಡನ್ನು ಕೂರಿಸುವ ಮೊದಲೇ ಒಂದು ತೂತು ಕೊರೆದುಕೊಳ್ಳಿ.