ಅಪ್‌ಡೇಟ್: ಅಪ್ಪನ ಹಳೆ ಡ್ರಿಲ್ ಲಿಥಿಯಂ ಬ್ಯಾಟರಿಯಲ್ಲಿ ಓಡುತ್ತಿದೆ
ಅಪ್ಪನ 18 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಡ್ರಿಲ್‌ಗೆ ಲಿಥಿಯಂ ಬ್ಯಾಟರಿ ಹಾಕಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಫ್ಯೂಸ್ ಹಾಕಿಸಿ ಅಂತ ನೀವು ಹೇಳಿದ್ದಿರಿ. ಹಾಕಿಸಿದೆ, ಚೆನ್ನಾಗಿ ಓಡುತ್ತಿದೆ! ರಾಯಚೂರು ಗಂಜ್ ಹತ್ತಿರದ ರಿಪೇರಿ ಅಂಗಡಿಯ ಅಣ್ಣ ಹಳೆ ಪ್ಯಾಕ್‌ನ 15 ಸೆಲ್ ತೆಗೆದು, ಖಾಲಿ ಡಬ್ಬಿಯಲ್ಲಿ ಲಿಥಿಯಂ ಬ್ಯಾಟರಿ ಸಿಕ್ಕಿಸುವ ಅಡಾಪ್ಟರ್ ಕೂರಿಸಿಕೊಟ್ಟರು. ಲಿಥಿಯಂ ಆದರೆ ಸಾಲಾಗಿ 5 ಸೆಲ್ ಸಾಕು. ಫುಲ್ ಚಾರ್ಜ್ ಆದಾಗ 21 ವೋಲ್ಟ್ ಇರುತ್ತದೆ, ಮೋಟರ್ ತಡೆದುಕೊಂಡಿದೆ.

ಇದಕ್ಕಿಂತ ಮುಖ್ಯವಾದದ್ದು ಕಟ್-ಆಫ್, ಅಂದರೆ ಬ್ಯಾಟರಿ ತೀರಾ ಇಳಿದಾಗ ತಾನಾಗಿಯೇ ಕರೆಂಟ್ ನಿಲ್ಲಿಸುವ ವ್ಯವಸ್ಥೆ. ಬ್ಯಾಟರಿ ಎಷ್ಟು ಇಳಿದಿದೆ ಅಂತ ಹಳೆ ಡ್ರಿಲ್‌ಗೆ ಗೊತ್ತಾಗಲ್ಲ, ಸುಮ್ನೆ ಎಳೆಯುತ್ತಲೇ ಇರುತ್ತದೆ. ಒಂದೊಂದು ಸೆಲ್ 2.5 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾಗಬಹುದು. ಅದಕ್ಕೇ ಕಟ್-ಆಫ್ ಬೋರ್ಡ್ ಹಾಕಿಸಿದೆ, ಜೊತೆಗೆ ನೀವು ಹೇಳಿದ ಫ್ಯೂಸ್ ಕೂಡ. ಹಳೆ ಚಾರ್ಜರ್ ಮಾತ್ರ ಲಿಥಿಯಂಗೆ ಬೇಡವೇ ಬೇಡ, ಬೆಂಕಿ ಹತ್ತಬಹುದು. ನಮ್ಮ ಬಿಸಿಲಲ್ಲಿ ಕೆಲಸ ಮಾಡಿದ ಮೇಲೆ ಪ್ಯಾಕ್ ತಣ್ಣಗಾದ ನಂತರವೇ ಚಾರ್ಜ್‌ಗೆ ಹಾಕುತ್ತೇನೆ. ತೆಗೆದ ಸೆಲ್‌ಗಳಲ್ಲಿ ಕ್ಯಾಡ್ಮಿಯಂ ವಿಷ ಇರುತ್ತದೆ, ದಯವಿಟ್ಟು ಕಸಕ್ಕೆ ಎಸೆಯಬೇಡಿ.